ಗೇಣುದ್ದದ ವಿಮಾನ



ಹಿರಿಯರು ಮಕ್ಕಳಿಗೆ ಹೇಳುವ ಬುದ್ಧಿಮಾತುಗಳೆಲ್ಲವೂ ಬುದ್ಧಿಯಿಂದಲೇ ಹುಟ್ಟಿದವುಗಳಲ್ಲ. ಕೆಲವು ನಮ್ಮ ಭಯದಿಂದ ಹುಟ್ಟುತ್ತವೆ, ಕೆಲವು ಸಿಟ್ಟಿನಿಂದ. ನಾನು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದ ಕಾಲದಲ್ಲಿ, ಪಾಲಕರ ಸಭೆಗಳಲ್ಲಿ ನನ್ನ ಮನೆಯದೇ ಒಂದು ಪ್ರಸಂಗವನ್ನು ವರ್ಷಗಟ್ಟಲೆ ಅಭಿಮಾನದಿಂದ ಹೇಳುತ್ತಿದ್ದೆ. ಆ ಪ್ರಸಂಗದ ಉಳಿದರ್ಧ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಸಮುದ್ರದಾಚೆಯ ಒಂದು ಊರಿನಲ್ಲಿ. ಈ ತಿಂಗಳ ಅಂಕಣದಲ್ಲಿ ಅದನ್ನು ಪೂರ್ತಿಯಾಗಿ ನಿವೇದಿಸಿಕೊಳ್ಳುತ್ತೇನೆ.

ಅದು 1981ರ ಮಾತು. ನಮ್ಮ ಮೂಲ ಹಾವೇರಿಯ ಕಡೆಯಾದರೂ ಮನೆ ಆಗ ಬೆಂಗಳೂರಿನ ಪೂರ್ವಭಾಗದಲ್ಲಿ, ವಿಮಾನ ಕಾರ್ಖಾನೆಗೆ ಹತ್ತಿರದಲ್ಲಿತ್ತು. ಹಿರಿಯ ಮಗ ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದ. ತಲೆಯ ಮೇಲೆ ಹಾರಿಹೋಗುವ ಮಾರುತ್ ವಿಮಾನಗಳನ್ನು ಚಿಕ್ಕಂದಿನಿಂದ ನೋಡಿ ಬೆಳೆದವನು ಅವನು. ಲಗ್ನಪತ್ರಿಕೆಗಳ ದಪ್ಪ ಹಾಳೆ, ಊದಿನಕಡ್ಡಿಯ ಸೀಳು, ಮೈದಾ ಹಿಟ್ಟಿನ ಅಂಟು ಇಷ್ಟರಿಂದಲೇ ಮೂರು ತಿಂಗಳು ಕುಳಿತು ಒಂದು ಮಾರುತ್ ವಿಮಾನವನ್ನು ಕಟ್ಟಿದ್ದ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ನೂರಕ್ಕೆ 41 ಅಂಕಗಳನ್ನು ಅವನು ತಂದ ದಿನ, ನಾನು ಆ ವಿಮಾನವನ್ನು ಮಡಚಿ ಬಚ್ಚಲ ಒಲೆಗೆ ಹಾಕಿದೆ. ಮಗ ಅಳಲಿಲ್ಲ. ನನ್ನ ಮಡದಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ಏನನ್ನೂ ಆಡಲಿಲ್ಲ. ಆ ಮೌನವನ್ನು ನಾನು ಸಮ್ಮತಿಯೆಂದು ತಿಳಿದೆ.

ಮಗ ಮುಂದೆ ಚೆನ್ನಾಗಿ ಓದಿದ, ಇಂಜಿನಿಯರನಾದ, ಅಮೆರಿಕೆಗೆ ಹೋದ. “ಆ ದಿನ ಆ ಆಟಿಕೆಯನ್ನು ಒಲೆಗೆ ಹಾಕಿದ್ದರಿಂದಲೇ ಈ ದಿನ ಅವನು ಈ ಸ್ಥಿತಿಗೆ ಬಂದ” ಎಂದು ನಾನು ಸಭೆಗಳಲ್ಲಿ ಹೇಳುತ್ತಿದ್ದೆ. ಪಾಲಕರು ತಲೆದೂಗುತ್ತಿದ್ದರು.

2015ರಲ್ಲಿ ಮಗನಿಂದ ಒಂದು ವಿಚಿತ್ರ ಕೋರಿಕೆ ಬಂತು. ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯವರು 2001ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಅಲ್ಲಿ ನಿಲ್ಲಿಸಿರುವ ಮಾರುತ್ ವಿಮಾನದ ಚಕ್ರಗಳು, ಹೊಟ್ಟೆಯ ಭಾಗ, ರೆಕ್ಕೆ ಮೈಗೆ ಕೂಡುವ ಜಾಗ, ಇವುಗಳ ಛಾಯಾಚಿತ್ರಗಳನ್ನು ತೆಗೆದು ಕಳುಹಿಸಬೇಕೆಂದು ಕೇಳಿದ. ಎಪ್ಪತ್ತೈದರ ವಯಸ್ಸಿನಲ್ಲಿ ನಡುಬಗ್ಗಿಸಿ ವಿಮಾನದ ಹೊಟ್ಟೆಯನ್ನು ನೋಡುವ ಕೆಲಸ ನನಗೇಕೆ ಬಂತೆಂದು ಗೊಣಗುತ್ತಲೇ ಹೋದೆ. ಐವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು ಕಳುಹಿಸಿದೆ. ಏತಕ್ಕೆಂದು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮಾರುತ್ ನಮ್ಮ ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ಜರ್ಮನಿಯ ಇಂಜಿನಿಯರ್ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಗೊಂಡ ಈ ವಿಮಾನ 1961ರ ಜೂನ್ 17ರಂದು ಮೊದಲ ಸಲ ಆಕಾಶಕ್ಕೇರಿತು. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ಅವು ಸೇವೆ ಸಲ್ಲಿಸಿದವು. ಎಂಜಿನ್ನಿನ ಬಲ ಸಾಲದೆ ಅದು ನಿರೀಕ್ಷಿಸಿದ ವೇಗವನ್ನು ಮುಟ್ಟಲಿಲ್ಲವೆಂಬುದು ನಿಜ. ಆದರೂ ಅದನ್ನು ಕಂಡು ಬೆಳೆದ ಬೆಂಗಳೂರಿನ ಹುಡುಗರಿಗೆ ಅದಕ್ಕಿಂತ ಸುಂದರವಾದ ವಿಮಾನ ಇನ್ನೊಂದಿರಲಿಲ್ಲ.

2018ರ ವಸಂತದಲ್ಲಿ ನಾವು ದಂಪತಿಗಳು ಓಹಾಯೋ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಒಂದು ಶನಿವಾರ ಬೆಳಗಿನ ಆರು ಗಂಟೆಗೇ ಅವನು ಒಂದು ರಟ್ಟಿನ ಪೆಟ್ಟಿಗೆಯನ್ನು ಕೈಗೂಸಿನಂತೆ ಎತ್ತಿ ತಂದು ಕಾರಿನಲ್ಲಿಟ್ಟು, “ಅಪ್ಪಾ, ಇವತ್ತು ನನ್ನ ಜೋಡಿ ಬರ್ರಿ, ಒಂದು ಪ್ರದರ್ಶನ ಐತಿ” ಎಂದ. ಎರಡು ಗಂಟೆಗಳ ದಾರಿ. ಹೆದ್ದಾರಿಯಲ್ಲಿ ಗುಂಡಿಯೊಂದು ಕಂಡರೆ ಸಾಕು, ಅವನು ಉಸಿರು ಬಿಗಿಹಿಡಿಯುತ್ತಿದ್ದ.

ಅದು ಸ್ಕೇಲ್ ಮಾಡೆಲ್ ಕಟ್ಟುವ ಹವ್ಯಾಸಿಗಳ ಪ್ರಾಂತೀಯ ಪ್ರದರ್ಶನ ಹಾಗೂ ಸ್ಪರ್ಧೆ. ಶಾಲೆಯೊಂದರ ವಿಶಾಲವಾದ ಆಟದ ಸಭಾಂಗಣದಲ್ಲಿ ಸಾಲುಸಾಲಾಗಿ ಮೇಜುಗಳು, ಅವುಗಳ ಮೇಲೆ ನೂರಾರು ಮಾದರಿಗಳು: ವಿಮಾನ, ಹಡಗು, ಟ್ಯಾಂಕು, ಕಾರು, ಮನುಷ್ಯಾಕೃತಿ, ಅಲ್ಲದೆ ಒಂದಿಡೀ ಹಳ್ಳಿಯ ಬೀದಿಯನ್ನು ತಟ್ಟೆಯಗಲದಲ್ಲಿ ತೋರಿಸುವ ದೃಶ್ಯಗಳು. ಪಕ್ಕದ ಕೋಣೆಯಲ್ಲಿ ಹಳೆಯ ಕಿಟ್‌ಗಳನ್ನೂ ಬಣ್ಣಗಳನ್ನೂ ಮಾರುವವರ ಸಂತೆ. ಒಂದು ಮೂಲೆಯಲ್ಲಿ ಮಕ್ಕಳಿಗೆ ಕಿಟ್‌ಗಳನ್ನು ಉಚಿತವಾಗಿ ಕೊಟ್ಟು, ಹಿರಿಯರು ಪಕ್ಕದಲ್ಲಿ ಕುಳಿತು ಕಟ್ಟಿಸಿ, ಮಕ್ಕಳೇ ಮನೆಗೆ ಒಯ್ಯುವಂತೆ ಏರ್ಪಾಡು. ಬಂದವರಲ್ಲಿ ತಲೆ ನರೆತವರೇ ಹೆಚ್ಚು. ಅಂಚೆಯವನು, ದಂತವೈದ್ಯ, ಲಾರಿ ಚಾಲಕ, ನಿವೃತ್ತ ಸೈನಿಕ, ಎಲ್ಲರೂ ಬಗ್ಗಿ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ಇನ್ನೊಬ್ಬರ ಮಾದರಿಯನ್ನು ಮುಟ್ಟಬಾರದೆಂಬುದು ಅಲ್ಲಿಯ ಮೊದಲ ಮರ್ಯಾದೆ.

ಈ ಹವ್ಯಾಸದ ಹಿನ್ನೆಲೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಉಚಿತ. ಪ್ಲಾಸ್ಟಿಕ್ಕಿನ ವಿಮಾನದ ಕಿಟ್‌ಗಳು ಬ್ರಿಟನ್ನಿನಲ್ಲಿ 1936ರಲ್ಲಿ ‘ಫ್ರಾಗ್ ಪೆಂಗ್ವಿನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ಅವುಗಳ ಅಳತೆ ನಿಜವಾದ ವಿಮಾನದ ಎಪ್ಪತ್ತೆರಡನೆಯ ಒಂದು ಭಾಗ. ಆರು ಅಡಿಯ ಮನುಷ್ಯ ಈ ಅಳತೆಯಲ್ಲಿ ಒಂದೇ ಅಂಗುಲ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನವಾವುದು, ಮಿತ್ರವಿಮಾನವಾವುದು ಎಂಬುದನ್ನು ದೂರದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸಬೇಕಾಯಿತು. ಆಗ 1942ರಲ್ಲಿ ಅಮೆರಿಕದ ನೌಕಾಪಡೆ ಇದೇ ಅಳತೆಯ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಕೊಡುವಂತೆ ತನ್ನ ದೇಶದ ಶಾಲಾಮಕ್ಕಳನ್ನು ಕೇಳಿಕೊಂಡಿತು. ಲೆಕ್ಕ ಸರಳವಾದದ್ದು: ಮಾದರಿಯನ್ನು ಮೂವತ್ತೈದು ಅಡಿ ದೂರದಿಂದ ನೋಡಿದರೆ, ನಿಜವಾದ ವಿಮಾನ ಸುಮಾರು ಅರ್ಧ ಮೈಲಿ ದೂರದಲ್ಲಿ ಎಷ್ಟು ಕಾಣುವುದೋ ಅಷ್ಟೇ ಕಾಣುತ್ತದೆ. ಶಾಲೆಯ ಮರಗೆಲಸದ ಕೋಣೆಯಲ್ಲಿ ಮಕ್ಕಳು ಕೆತ್ತಿದ ಮರದ ತುಂಡಿನಲ್ಲಿ ಅಳತೆ ತಪ್ಪಿದ್ದರೆ ಯಾರದೋ ಜೀವಕ್ಕೆ ಅಪಾಯವಾಗಬಹುದಿತ್ತು.

ಯುದ್ಧ ಮುಗಿದ ಮೇಲೆ ಈ ಕೆಲಸ ಮನೆಮನೆಯ ಹವ್ಯಾಸವಾಯಿತು. ಹಂಗೇರಿಯಿಂದ ವಲಸೆ ಬಂದ ನಿಕೊಲಸ್ ಕೋವ್ ಎಂಬುವರು 1939ರಲ್ಲಿ ಸ್ಥಾಪಿಸಿದ ಏರ್‌ಫಿಕ್ಸ್ ಸಂಸ್ಥೆ ಮೊದಲು ಗಾಳಿ ತುಂಬುವ ಆಟಿಕೆಗಳನ್ನೂ ಬಾಚಣಿಗೆಗಳನ್ನೂ ಮಾಡುತ್ತಿತ್ತು. ಐವತ್ತರ ದಶಕದಲ್ಲಿ ಅದು ಎರಡು ಶಿಲಿಂಗಿನ ಅಗ್ಗದ ಕಿಟ್‌ಗಳನ್ನು ತಂದಾಗ ಬಡವರ ಮಕ್ಕಳೂ ಹಡಗು, ವಿಮಾನ ಕಟ್ಟಲಾರಂಭಿಸಿದರು. ಜಪಾನಿನ ಶಿಝುವೋಕಾ ನಗರದ ಟಮಿಯಾ ಸಂಸ್ಥೆ ಮೊದಲು ಮರದ ವ್ಯಾಪಾರ ಮಾಡುತ್ತಿತ್ತು. ಅದು 1961ರಲ್ಲಿ ತಂದ ಟ್ಯಾಂಕಿನ ಮಾದರಿಯ ಗಾತ್ರವನ್ನು ಒಳಗಿನ ಮೋಟಾರು ಮತ್ತು ಬ್ಯಾಟರಿ ಹಿಡಿಸುವಂತೆ ನಿಗದಿಮಾಡಿತು. ಆ ಮೂವತ್ತೈದನೆಯ ಒಂದು ಭಾಗದ ಅಳತೆಯೇ ಇಂದಿಗೂ ಟ್ಯಾಂಕುಗಳಿಗೆ ರೂಢಿಯಲ್ಲಿದೆ. ಹವ್ಯಾಸಿಗಳ ಅಂತರರಾಷ್ಟ್ರೀಯ ಸಂಘ 1963ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿತು, ಮರುವರ್ಷ ಅದರ ಅಮೆರಿಕದ ಶಾಖೆ ಆರಂಭವಾಯಿತು. ಬ್ರಿಟನ್ನಿನ ಟೆಲ್‌ಫರ್ಡಿನಲ್ಲಿ ನವೆಂಬರಿನಲ್ಲಿ ನಡೆಯುವ ಮೇಳ, ಶಿಝುವೋಕಾದಲ್ಲಿ ಮೇ ತಿಂಗಳಲ್ಲಿ ನಡೆಯುವ ಮೇಳ ಇವರಿಗೆ ದೊಡ್ಡ ಜಾತ್ರೆಗಳಿದ್ದಂತೆ. ಆದರೆ ಹವ್ಯಾಸದ ಜೀವ ಇರುವುದು ಊರೂರಿನ ಸಂಘಗಳು ನಡೆಸುವ, ಒಂದು ದಿನದ ಇಂಥ ಚಿಕ್ಕ ಪ್ರದರ್ಶನಗಳಲ್ಲಿ.

ನಾವು ಒಳಗೆ ಹೋಗಿ ಮಗ ಪೆಟ್ಟಿಗೆಯನ್ನು ಬಿಚ್ಚಿದ. ಹತ್ತಿಯ ನಡುವಿನಿಂದ ಹೊರಬಂದದ್ದು ಮಾರುತ್! ನಿಜವಾದ ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ಅಗಲ 9 ಮೀಟರ್. ಎಪ್ಪತ್ತೆರಡರಿಂದ ಭಾಗಿಸಿದರೆ ಉದ್ದ ಇಪ್ಪತ್ತೆರಡು ಸೆಂಟಿಮೀಟರ್, ಅಗಲ ಹನ್ನೆರಡೂವರೆ. ಗೇಣುದ್ದದ ವಿಮಾನ. ಕಿಟ್ಟಿನಿಂದ ಜೋಡಿಸಿದ್ದಲ್ಲ, ಮರದಲ್ಲಿ ಅಚ್ಚನ್ನು ಕೆತ್ತಿ, ಬಿಸಿಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆದು, ಎರಡು ಹೋಳುಗಳನ್ನು ಅಂಟಿಸಿ ಎಲ್ಲವನ್ನೂ ಕೈಯಿಂದಲೇ ಮಾಡಿದ್ದು. ಮೂರು ವರ್ಷಗಳ ಕೆಲಸ. ನಾನು ಬಗ್ಗಿ ನೋಡಿದೆ. ವಸ್ತುಸಂಗ್ರಹಾಲಯದಲ್ಲಿ ನಾನು ಚಿತ್ರ ತೆಗೆದಿದ್ದ ಅದೇ ಚಕ್ರ, ಅದೇ ಕೊಳವೆ, ಅದೇ ತಿರುಪು ಅಲ್ಲಿದ್ದವು. ನನಗೆ ಮಾತು ಹೊರಡಲಿಲ್ಲ.

ದಾರಿಯ ಕುಲುಕಾಟಕ್ಕೆ ಮುಂಚಕ್ರದ ಪುಟ್ಟ ಬಾಗಿಲೊಂದು ಕಳಚಿಬಿದ್ದಿತ್ತು. ಮಗ ಚಿಮಟವನ್ನು ಮನೆಯಲ್ಲಿ ಮರೆತು ಬಂದಿದ್ದ. ಪಕ್ಕದಲ್ಲಿ ತನ್ನ ಮಾದರಿಯನ್ನಿಡುತ್ತಿದ್ದ ವಯಸ್ಸಾದ ಗೃಹಸ್ಥರೊಬ್ಬರು ಕೇಳದೆಯೇ ತಮ್ಮ ಚೀಲ ತೆರೆದು ಅಂಟು, ಚಿಮಟ, ಭೂತಗನ್ನಡಿ ಮೂರನ್ನೂ ಮುಂದಿಟ್ಟರು. ಎರಡು ಅಂತಸ್ತಿನ ರೆಕ್ಕೆಗಳುಳ್ಳ ಹಳೆಯ ಕಾಲದ ವಿಮಾನವನ್ನು ಅವರು ತಂದಿದ್ದರು. ಅವರೂ ಅದೇ ವಿಭಾಗದ ಸ್ಪರ್ಧಿಯೆಂದು ಆಮೇಲೆ ತಿಳಿಯಿತು. ಎದುರಾಳಿಯ ವಿಮಾನ ಸರಿಯಾಗಿ ನಿಲ್ಲುವವರೆಗೂ ಅವರು ದೀಪ ಹಿಡಿದು ನಿಂತಿದ್ದರು.

ತೀರ್ಪಿನ ಕ್ರಮವನ್ನು ನಾನು ಶಿಕ್ಷಕನ ಕಣ್ಣಿನಿಂದ ನೋಡಿದೆ. ಪ್ರತಿ ಮಾದರಿಯ ಪಕ್ಕದಲ್ಲಿ ಒಂದು ಪ್ರವೇಶಪತ್ರ. ಮಾಡಿದವರ ಹೆಸರು ಕಾಣದಂತೆ ಅದನ್ನು ಮಡಚಿಡುತ್ತಾರೆ. ಮೂವರು ಮೂವರಾಗಿ ತೀರ್ಪುಗಾರರು ಬರುತ್ತಾರೆ. ತಾನು ಸ್ಪರ್ಧಿಸಿರುವ ವಿಭಾಗಕ್ಕೆ ಯಾರೂ ತೀರ್ಪು ಕೊಡುವಂತಿಲ್ಲ. ಕೈಯಲ್ಲಿ ಒಂದು ಚಿಕ್ಕ ಟಾರ್ಚು ಮಾತ್ರ. ಅವರು ಮೊದಲು ನೋಡುವುದು ಬಣ್ಣದ ಬೆಡಗನ್ನಲ್ಲ, ಕೂಡುಗೆರೆಯನ್ನು. ಎರಡು ಹೋಳುಗಳು ಸೇರುವಲ್ಲಿ ಗೆರೆ ಉಳಿದಿದೆಯೇ? ಅಂಟಿನ ಕಲೆ, ಬೆರಳಿನ ಗುರುತು ಇದೆಯೇ? ಚಕ್ರಗಳು ಮೂರೂ ನೆಲಕ್ಕೆ ತಾಗಿವೆಯೇ? ಹಿಂದಿನಿಂದ ನೋಡಿದಾಗ ಎರಡು ರೆಕ್ಕೆಗಳ ತುದಿ ಒಂದೇ ಎತ್ತರದಲ್ಲಿವೆಯೇ?

ನಮ್ಮ ವಾಯುಪಡೆಯ ಕೇಸರಿ, ಬಿಳಿ, ಹಸಿರು ವರ್ತುಲದ ಗುರುತನ್ನು ತೆಳುವಾದ ಹಾಳೆಯಿಂದ ನೀರಿನಲ್ಲಿ ಜಾರಿಸಿ ಅಂಟಿಸಿರುತ್ತಾರೆ. ಹೊಳಪಿನ ಲೇಪ ಕೊಡದೆ ಒರಟು ಬಣ್ಣದ ಮೇಲೆಯೇ ಅಂಟಿಸಿದರೆ, ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಟಾರ್ಚಿನ ಬೆಳಕಿಗೆ ಆ ಅವಸರ ಬಯಲಾಗುತ್ತದೆ. ಕಷ್ಟವಾದ ಕೆಲಸವನ್ನು ಕೈಗೆತ್ತಿಕೊಂಡಿದ್ದಾನೆಂಬ ರಿಯಾಯಿತಿ ಮೂಲಪಾಠಗಳಲ್ಲಿ ತಪ್ಪಿದವನಿಗೆ ದೊರೆಯುವುದಿಲ್ಲ.

ಈ ಸಂಘದ ಪದ್ಧತಿಯಲ್ಲಿ ಮಾದರಿಗಳನ್ನು ಒಂದಕ್ಕೊಂದು ಹೋಲಿಸಿ ಮೊದಲ ಮೂರು ಸ್ಥಾನಗಳನ್ನು ಕೊಡುತ್ತಾರೆ. ಟ್ಯಾಂಕುಗಳ ಮಾದರಿಕಾರರ ಇನ್ನೊಂದು ಸಂಘದಲ್ಲಿ ಹೋಲಿಕೆಯೇ ಇಲ್ಲ. ಒಂದು ನಿಶ್ಚಿತ ಮಟ್ಟ ಮುಟ್ಟಿದವರಿಗೆಲ್ಲ ಚಿನ್ನ, ಬೆಳ್ಳಿ, ಕಂಚಿನ ಪದಕಗಳು, ಜೊತೆಗೆ ಎಲ್ಲಿ ಏನು ಕೊರತೆಯೆಂದು ಬರೆದ ಹಾಳೆ. ಯಾವುದು ಮೇಲೆಂಬ ಚರ್ಚೆ ಆ ವಲಯದಲ್ಲಿ ಎಂದಿಗೂ ಮುಗಿಯುವುದಿಲ್ಲವಂತೆ. ನಮ್ಮ ಶಾಲೆಗಳಲ್ಲಿ ರ‍್ಯಾಂಕು ಬೇಕೇ ಬೇಡವೇ ಎಂಬ ಚರ್ಚೆ ನನಗೆ ನೆನಪಾಯಿತು.

ಸಂಜೆ ಫಲಿತಾಂಶ ಬಂತು. ಕೈಯಿಂದ ಕಟ್ಟಿದ ವಿಮಾನಗಳ ವಿಭಾಗದಲ್ಲಿ ಮೊದಲ ಸ್ಥಾನ ಚಿಮಟ ಕೊಟ್ಟ ಗೃಹಸ್ಥರಿಗೆ. ಮಾರುತ್ ವಿಮಾನಕ್ಕೆ ಯಾವ ಸ್ಥಾನವೂ ಇಲ್ಲ. ನನಗೆ ಸಂಕಟವಾಯಿತು, ಈ ಜನಕ್ಕೆ ಮಾರುತ್ ಎಂದರೇನೆಂದೇ ಗೊತ್ತಿಲ್ಲವೆಂದು ಸಿಟ್ಟೂ ಬಂತು. ಮಗ ಮಾತ್ರ ನೇರವಾಗಿ ತೀರ್ಪುಗಾರರೊಬ್ಬರ ಬಳಿ ಹೋಗಿ, ಎಲ್ಲಿ ತಪ್ಪಿದೆಯೆಂದು ಕೇಳಿದ. ಅವರು ಮೇಜಿನ ಮಟ್ಟಕ್ಕೆ ಬಗ್ಗಿ, ಟಾರ್ಚು ಹಾಯಿಸಿ, ಎಡರೆಕ್ಕೆಯ ತುದಿ ಬಲದ ತುದಿಗಿಂತ ಒಂದು ಕೂದಲಿನಷ್ಟು ಕೆಳಗಿದೆಯೆಂದು ತೋರಿಸಿದರು. ಹೊಟ್ಟೆಯ ಅಡಿಯಲ್ಲಿ ಕೂಡುಗೆರೆ ಎರಡಂಗುಲದಷ್ಟು ಉಳಿದಿತ್ತು. ಆಮೇಲೆ ಹತ್ತು ನಿಮಿಷ ನಿಂತು, ಇದಾವ ವಿಮಾನ, ಯಾರು ಮಾಡಿದ್ದು, ಎಲ್ಲಿ ಹಾರಿತು ಎಂದು ಕೇಳಿಕೊಂಡರು. ಮಗನ ಮುಖದಲ್ಲಿ ಸೋತವನ ಕಳೆ ಇರಲಿಲ್ಲ. ತಪ್ಪಿನ ಜಾಗ ಸಿಕ್ಕಿದವನ ಸಮಾಧಾನವಿತ್ತು.

ಅಲ್ಲಿಯೇ ನನಗೆ 1981ರ ಆ ಸಂಜೆ ಹೊಸದಾಗಿ ಕಂಡಿತು. ಗಣಿತದಲ್ಲಿ 41 ಬಂದಾಗ ನಾನು ಅಂಕವನ್ನು ಮಾತ್ರ ನೋಡಿದ್ದೆ. ಯಾವ ಲೆಕ್ಕ ತಪ್ಪಿತು, ಯಾವ ಹೆಜ್ಜೆಯಲ್ಲಿ ತಪ್ಪಿತು ಎಂದು ಉತ್ತರಪತ್ರಿಕೆ ಬಿಚ್ಚಿ ನೋಡಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಾನು ಮನೆಯ ಮಗನಿಗೆ ಮಾಡದ ಕೆಲಸವನ್ನು ಅಪರಿಚಿತನೊಬ್ಬ ಒಂದು ಟಾರ್ಚು ಹಿಡಿದು ಮಾಡಿದ್ದ. ಲಗ್ನಪತ್ರಿಕೆಯ ಹಾಳೆಯನ್ನು ಕತ್ತರಿಸುವಾಗ ಆ ಹುಡುಗ ದೊಡ್ಡ ವಿಮಾನದ ಅಳತೆಯನ್ನು ಭಾಗಿಸಿ ಚಿಕ್ಕದಕ್ಕೆ ಇಳಿಸಿಕೊಂಡಿದ್ದನಲ್ಲವೇ? ಅದು ಗಣಿತವಲ್ಲದೆ ಮತ್ತೇನು? ನಾನು ಒಲೆಗೆ ಹಾಕಿದ್ದು ಅವನ ಗಣಿತವನ್ನೇ.

ಪೆಟ್ಟಿಗೆ ಕಟ್ಟುವಾಗ ಮಡಚಿದ ಪ್ರವೇಶಪತ್ರವನ್ನು ಬಿಚ್ಚಿ ಓದಿದೆ. ಮಾದರಿಗೆ ಬಳಸಿದ ಆಧಾರಗಳನ್ನು ನಮೂದಿಸುವ ಜಾಗದಲ್ಲಿ ಮಗ ಇಂಗ್ಲಿಷಿನಲ್ಲಿ ಬರೆದಿದ್ದ: ಛಾಯಾಚಿತ್ರಗಳು, ನನ್ನ ತಂದೆಯವರಿಂದ, ಬೆಂಗಳೂರು, 2015.

ಮರಳುವ ದಾರಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ಹೇಳಿದೆ. “ಆ ದಿನ ನಾನು ಮಾಡಿದ್ದು ತಪ್ಪಪ್ಪಾ. ಅದನ್ನ ಊರ ಮುಂದ ಹೆಮ್ಮೆಯಿಂದ ಹೇಳಿಕೊಂಡಿದ್ದು ಇನ್ನೂ ದೊಡ್ಡ ತಪ್ಪು.”

ಮಗ ರಸ್ತೆಯ ಮೇಲಿನ ದೃಷ್ಟಿಯನ್ನು ತೆಗೆಯಲಿಲ್ಲ. “ಇರಲಿ ಬಿಡ್ರಿ ಅಪ್ಪಾ. ಮೈದಾ ಅಂಟಿನ ವಿಮಾನ ಅದು, ನೀವು ಸುಡದಿದ್ದರ ಇಲಿ ತಿಂತಿದ್ವು” ಎಂದು ನಕ್ಕ. ಒಂದಿಷ್ಟು ದೂರ ಹೋದ ಮೇಲೆ ತಾನೇ ಹೇಳಿದ: “ಆದರ ಅದರ ರೆಕ್ಕಿ ಮಾತ್ರ ಎರಡೂ ಸಮ ಬಂದಿದ್ವು.”

ಮೂವತ್ತೇಳು ವರ್ಷ ಅವನು ಅದನ್ನು ಮರೆತಿರಲಿಲ್ಲ.

ಅಲ್ಲಿದ್ದ ಇನ್ನುಳಿದ ಆರು ವಾರ ನಾನು ಅವನ ಮೇಜಿನ ಪಕ್ಕದಲ್ಲಿ ಕುಳಿತೆ. ಗಾಜಿನ ಹಲಗೆಯ ಮೇಲೆ ಮಾದರಿಯನ್ನಿಟ್ಟು, ಎರಡು ರೆಕ್ಕೆಗಳ ತುದಿಗಳೂ ಗಾಜಿನಿಂದ ಎಷ್ಟೆಷ್ಟು ಎತ್ತರದಲ್ಲಿವೆಯೆಂದು ಅಳೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದ. ಅಂಟು ಒಣಗುವವರೆಗೆ ಅಲುಗಾಡದೆ ಹಿಡಿಯಬೇಕು. ಮಡದಿ ಚಹಾ ತಂದಿಟ್ಟು ನಮ್ಮಿಬ್ಬರನ್ನೂ ನೋಡಿ, “ಇದನ್ನ ಆವಾಗಲೇ ಮಾಡಬೇಕಿತ್ತು” ಎಂದಳು. ಅವಳ ಆ ಹಳೆಯ ಮೌನದ ಅರ್ಥ ನನಗೆ ತಿಳಿದದ್ದು ಆಗ.

ಬಂಧುಗಳೇ, ಪರೀಕ್ಷೆ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಓದಿನ ವೇಳೆಯಲ್ಲಿ ಓದೇ ಆಗಬೇಕು. ಆದರೆ ಮಗು ಕೈಯಿಂದ ಏನನ್ನಾದರೂ ಕಟ್ಟುತ್ತಿದ್ದರೆ ಅದಕ್ಕೆ ಮನೆಯಲ್ಲಿ ಒಂದು ಮೂಲೆಯನ್ನೂ ದಿನಕ್ಕೊಂದು ಗಂಟೆಯನ್ನೂ ಕೊಡಿ. ವಿದೇಶದ ದುಬಾರಿ ಕಿಟ್ಟೇ ಆಗಬೇಕೆಂದಿಲ್ಲ. ದಪ್ಪ ಹಾಳೆ, ಅಳತೆಪಟ್ಟಿ, ಕತ್ತರಿ, ಅಂಟು ಇದ್ದರೆ ಆರಂಭಕ್ಕೆ ಸಾಕು. ಬ್ಲೇಡು ಹಿಡಿಯುವಾಗ ಹಿರಿಯರು ಪಕ್ಕದಲ್ಲಿರಲಿ. ಪ್ಲಾಸ್ಟಿಕ್ ಅಂಟನ್ನೂ ಬಣ್ಣವನ್ನೂ ಬಳಸುವಾಗ ಕಿಟಕಿಗಳು ತೆರೆದಿರಲಿ, ಒಲೆ ದೀಪಗಳು ದೂರವಿರಲಿ. ರಜೆಯಲ್ಲಿ ಬೆಂಗಳೂರಿಗೆ ಬಂದಾಗ ಮಾರುತ್ ನಿಂತಿರುವ ಆ ಸಂಗ್ರಹಾಲಯಕ್ಕೂ, ಕಬ್ಬನ್ ಉದ್ಯಾನದ ಬಳಿಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ ಮಕ್ಕಳನ್ನು ಕರೆದೊಯ್ಯಿರಿ. ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಅಲ್ಲಿದೆ. “ಇದರಿಂದ ಏನು ಪ್ರಯೋಜನ?” ಎಂದು ಕೇಳುವ ಮೊದಲು “ಇದನ್ನು ಹೇಗೆ ಮಾಡಿದೆ?” ಎಂದು ಕೇಳಿರಿ. ಅಂಕ ಕಡಿಮೆ ಬಂದರೆ ತಪ್ಪಿದ ಜಾಗವನ್ನು ಮಗುವಿನೊಡನೆ ಕುಳಿತು ಹುಡುಕಿರಿ.

ಕೊನೆಯದಾಗಿ, ಎಂಬತ್ತರ ದಶಕದಲ್ಲಿ ನನ್ನ ಆ ಭಾಷಣವನ್ನು ಕೇಳಿ ತಲೆದೂಗಿದ ಪಾಲಕರಲ್ಲಿ ಯಾರಾದರೂ ಈ ಪುಟವನ್ನು ಓದುತ್ತಿದ್ದರೆ, ಆ ಮಾತನ್ನು ನಾನು ಇಂದು ಹಿಂದಕ್ಕೆ ಪಡೆದಿದ್ದೇನೆ. ನೀವೂ ಅದನ್ನು ಕೇಳಿ ಏನನ್ನಾದರೂ ಒಲೆಗೆ ಹಾಕಿದ್ದರೆ, ನಿಮ್ಮ ಮಕ್ಕಳು ಈಗ ನಡುವಯಸ್ಸಿನವರಾಗಿರುತ್ತಾರೆ. ಒಂದು ಸಲ ಅವರನ್ನು ಕೇಳಿ ನೋಡಿ. ಅವರಿಗೆ ಅದು ನೆನಪಿರುತ್ತದೆ.